ಶಿಮ್ಲಾ, ಮನಾಲಿ, ಗುಲ್ಮಾರ್ಗ್: ಶಿರಸಿಯಿಂದ ಹಿಮ ನೋಡಹೊರಟವರಿಗೆ

ಆಯಿ, ಇಬ್ಬರು ಮಕ್ಕಳು, ಹೊಸದಾಗಿ ಸ್ನೇಹವಾದ ಕಾರವಾರದ ಕುಟುಂಬ. ಜನವರಿಯಲ್ಲಿ ಈ ಮೂರರಲ್ಲಿ ಎಲ್ಲಿಗೆ ಹೋಗೋಣ ಎಂದು ಕೇಳಿದ್ದೀರಿ.

ಖರ್ಚು ಹಿಡಿತದಲ್ಲಿರಬೇಕೆಂದರೆ ಶಿಮ್ಲಾ. ಕಾರವಾರದಿಂದ ದೆಹಲಿಗೆ ರೈಲು, ಅಲ್ಲಿಂದ ಕಾಲ್ಕಾ, ಮುಂದೆ 1903ರಿಂದ ಓಡುತ್ತಿರುವ 96 ಕಿ.ಮೀ. ಪುಟ್ಟ ರೈಲು. ಹೊಸ ಪರಿಚಯದವರು ಐದಾರು ತಾಸು ಎದುರುಬದುರು ಕೂತರೆ ಮಾತು ತಾನಾಗಿ ಹುಟ್ಟುತ್ತದೆ. ನನಗೆ ಅದೇ ಇಷ್ಟ. ಆದರೆ ಹಿಮ ಬಿದ್ದೇ ಬೀಳುತ್ತದೆಂಬ ಖಾತ್ರಿಯಿಲ್ಲ.

ಮಕ್ಕಳು ಹಿಮದಲ್ಲಿ ಹೊರಳಾಡಲೇಬೇಕೆಂದರೆ ಮನಾಲಿ ಮೇಲು. ಊರಲ್ಲಿ ಹಿಮ ಇಲ್ಲದಿದ್ದರೂ 2020ರಲ್ಲಿ ತೆರೆದ 9.02 ಕಿ.ಮೀ. ಅಟಲ್ ಸುರಂಗ ದಾಟಿದರೆ ಲಾಹೌಲ್ ಕಣಿವೆಯ ಸಿಸ್ಸು ಎಂಬ ಹಳ್ಳಿಯಲ್ಲಿ ಸಾಮಾನ್ಯವಾಗಿ ಹಿಮ ಸಿಗುತ್ತದೆ. ಹಿಮ ಜೋರಾದರೆ ಆ ರಸ್ತೆಯನ್ನೇ ಮುಚ್ಚುತ್ತಾರೆ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ದೆಹಲಿಯಿಂದ ರಾತ್ರಿಯಿಡೀ ಬಸ್ಸು ಮಾತ್ರ ಮಂಡಿನೋವಿನವರಿಗೆ ಕಷ್ಟ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ; ಜನವರಿಯಲ್ಲಿ ಹಿಮದ ನಂಬಿಕೆ ಮೂರರಲ್ಲಿ ಅಲ್ಲೇ ಹೆಚ್ಚು. ಶ್ರೀನಗರಕ್ಕೆ ವಿಮಾನವಿರುವುದರಿಂದ ಆಯಿಗೆ ದಣಿವು ಕಡಿಮೆ, ಜೇಬಿಗೆ ಭಾರ ಜಾಸ್ತಿ. ಉಸಿರಾಟದ ತೊಂದರೆಯಿದ್ದವರನ್ನು ಗೊಂಡೋಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರ್) ಇನ್ನೂ ಎತ್ತರದ ಎರಡನೇ ಹಂತಕ್ಕೆ ಕರೆದೊಯ್ಯಬೇಡಿ. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಎರಡೂ ಮನೆಯಲ್ಲಿ ಒಂದೊಂದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಚಳಿ ಮೂರೂ ಕಡೆ ಚಳಿಯೇ. ಮನಾಲಿಯಲ್ಲಿ ನಮ್ಮ ತೆಂಗಿನೆಣ್ಣೆ ಬಾಟಲಿಯೊಳಗೇ ಕಲ್ಲಾಗಿತ್ತು, ನಮ್ಮ ಆಯಿ ಅದನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕರಗಿಸುತ್ತಿದ್ದರು. ಕಷಾಯದ ಪುಡಿ ಎರಡು ಮನೆಗಾಗುವಷ್ಟು ಒಯ್ಯಿರಿ.