ಮಕ್ಕಳ ವಾರ್ಡಿನಲ್ಲಿ ನಾಲ್ಕು ದಿನ: ಡ್ರಿಪ್ ನೋಡಿಕೊಂಡ ಸಿಸ್ಟರ್‌ಗಳ ಬಗ್ಗೆ

ಎರಡೂವರೆ ವರ್ಷದ ಮಗಳಿಗೆ ವಾಂತಿ-ಭೇದಿ ನಿಲ್ಲದೆ ಕಳೆದ ತಿಂಗಳು ಹುಬ್ಬಳ್ಳಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆವು. ಡಾಕ್ಟರು, ಬಿಲ್ಲು, ಊಟ ಎಲ್ಲ ಸರಿಯಾಗಿಯೇ ಇತ್ತು. ನನಗೆ ಬರೆಯಬೇಕೆನಿಸಿದ್ದು ಡ್ರಿಪ್ ಹಾಕಿದ ಕೈಯನ್ನು ಅವರು ನೋಡಿಕೊಂಡ ರೀತಿಯ ಬಗ್ಗೆ.

ಹೋದ ವರ್ಷ ಬೇರೊಂದು ಕಡೆ ಅಡ್ಮಿಟ್ ಮಾಡಿದ್ದಾಗ ಡ್ರಿಪ್ ಹೋಗಲು ನರಕ್ಕೆ ಹಾಕಿದ್ದ ಕ್ಯಾನುಲಾ ಕೀಳಬಾರದೆಂದು ಇವಳ ಕೈಗೆ ಮೊಣಕೈವರೆಗೂ ಬ್ಯಾಂಡೇಜು ಸುತ್ತಿದ್ದರು. ರಾತ್ರಿಯಿಡೀ ಅತ್ತಳು. ಎರಡು ಸಲ ಹೋಗಿ ಹೇಳಿದೆ. ಹಟ ಮಾಡ್ತಾಳೆ ಅಂದರು. ಬೆಳಿಗ್ಗೆ ಬಿಚ್ಚಿದರೆ ಮುಂಗೈ ಬನ್ನಿನ ಹಾಗೆ ಊದಿಕೊಂಡು ತಣ್ಣಗಾಗಿತ್ತು. ಸಲೈನ್ ನರಕ್ಕೆ ಹೋಗದೆ ಚರ್ಮದಡಿ ಸೇರಿತ್ತು. ಆ ಕೈ ಇನ್ನೂ ನನ್ನ ಕಣ್ಣಮುಂದಿದೆ.

ಈ ಸಲ ಸಿಸ್ಟರ್ ಕೇಳಿದ ಮೊದಲ ಮಾತು: "ಪಾಪು ಯಾವ ಕೈ ಬಟ್ಟು ಚೀಪ್ತಾಳ್ರಿ ಅಕ್ಕಾ?" ಬಲಗೈ ಅಂದೆ. ಎಡಗೈಗೆ ಹಾಕಿದರು. ಅದೂ ಬೆಡ್ಡಿನ ಮೇಲಲ್ಲ, ಪಕ್ಕದ ಕೋಣೆಯಲ್ಲಿ, ನನ್ನ ತೊಡೆಯ ಮೇಲೆ ಕೂರಿಸಿ. ನೀರಿನಂಶ ಕಡಿಮೆಯಾದ ಮಗುವಿಗೆ ನರ ಸಿಗುವುದೇ ಕಷ್ಟ. ಎರಡು ಸಲ ಸಿಗದಿದ್ದಾಗ ಅವರು ಮೂರನೇ ಸಲ ಚುಚ್ಚಲಿಲ್ಲ, ಹಿರಿಯ ಸಿಸ್ಟರನ್ನು ಕರೆದರು. ಹಳದಿ ಬಣ್ಣದ, ತೀರಾ ಸಣ್ಣ ಅಳತೆಯ (24 ಗೇಜ್) ಕ್ಯಾನುಲಾ ಒಂದೇ ಸಲಕ್ಕೆ ಕೂತಿತು. ಸೂಜಿ ಹೊರಗೆ ತೆಗೆದು ತೋರಿಸಿ, ಒಳಗಿರುವುದು ಮೆತ್ತನೆ ಪ್ಲಾಸ್ಟಿಕ್ ನಳಿಕೆ ಮಾತ್ರ ಅಂದರು. ಇಷ್ಟು ದಿನ ಸೂಜಿಯೇ ಒಳಗಿರುತ್ತದೆ ಅಂದುಕೊಂಡು ಅವಳ ಕೈ ಮುಟ್ಟಲೂ ಹೆದರುತ್ತಿದ್ದೆ.

ಮೇಲೆ ಪಾರದರ್ಶಕ ಪ್ಲಾಸ್ಟರ್; ಬೆರಳ ತುದಿಗಳು ಹೊರಗೆ. ಗಂಟೆಗೊಮ್ಮೆ ಬರುತ್ತಿದ್ದರು, ರಾತ್ರಿ ಮೂರಕ್ಕೂ. ನಿದ್ದೆ ಕೆಡದ ಹಾಗೆ ಎರಡೂ ಕೈ ಜೋಡಿಸಿಟ್ಟು ಊತ ಇದೆಯೇ ಎಂದು ಹೋಲಿಸಿ, ಬೆರಳು ಬೆಚ್ಚಗಿವೆಯೇ ಎಂದು ಮುಟ್ಟಿ ಬರೆದುಕೊಳ್ಳುತ್ತಿದ್ದರು. ಔಷಧಿ ಕೊಡುವ ಮೊದಲು ಕ್ಯಾನುಲಾದ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ, ಒಣಗಲು ಬಿಟ್ಟು, ಸ್ವಲ್ಪ ಸಲೈನ್ ನಿಧಾನಕ್ಕೆ ಹಾಯಿಸಿ ನೋಡುತ್ತಿದ್ದರು. ಒಬ್ಬರೂ ಇದನ್ನು ತಪ್ಪಿಸಲಿಲ್ಲ.

ಮೂರನೇ ದಿನ ಆ ಜಾಗ ತುಸು ಕೆಂಪಾಯಿತು. ಮತ್ತೆ ಚುಚ್ಚುತ್ತಾರೆಂಬ ಭಯಕ್ಕೆ "ಡ್ರಿಪ್ ಹೋಗ್ತಾ ಇದೆಯಲ್ಲ, ಇರಲಿ ಬಿಡಿ" ಅಂದೆ. "ಕೆಂಪಾದ್ ಮ್ಯಾಲೆ ಇಡಬಾರದ್ರಿ ಅಕ್ಕಾ" ಎಂದು ಪ್ಲಾಸ್ಟರನ್ನು ನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದರು. ಹೊಸದು ಹಾಕುವ ಮುಂಚೆ ಡಾಕ್ಟರನ್ನು ಕೇಳಿದರು. ಅಷ್ಟರಲ್ಲಿ ಇವಳು ಓಆರ್‌ಎಸ್ ಕುಡಿಯತೊಡಗಿದ್ದರಿಂದ ಇನ್ನೊಂದು ಬೇಕಾಗಲಿಲ್ಲ.

ಒಂದು ದೂರು ಇದೆ. ರಾತ್ರಿ ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರ್. ಎರಡನೇ ರಾತ್ರಿ ಡ್ರಿಪ್ ಹರಿಸುವ ಪಂಪ್ ಕೂಗಿಕೊಂಡಾಗ ಅವರಿಬ್ಬರೂ ಇನ್ನೊಂದು ಮಗುವಿನ ಹತ್ತಿರ ಇದ್ದರು. ಹತ್ತು ನಿಮಿಷ ಕಾದೆವು. ತಪ್ಪು ಅವರದಲ್ಲ. ಆಡಳಿತದವರು ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಕೊಡಲೇಬೇಕು. ಡಿಸ್ಚಾರ್ಜ್ ದಿನ ಕೊಟ್ಟ ಅಭಿಪ್ರಾಯದ ಫಾರಂನಲ್ಲೂ ಇದನ್ನೇ ಬರೆದು ಬಂದಿದ್ದೇನೆ.