ಮೊದಲು 'ರೆಡ್ ಕ್ವೀನ್' ಓದಬೇಕೇ, 'ದ ಕ್ರೂಯಲ್ ಪ್ರಿನ್ಸ್' ಓದಬೇಕೇ?

ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ ಕೇಳಿ ಬೆಳೆದ ಶಿರಸಿ ಕಡೆಯ ಹುಡುಗಿಯರು, ಅರಮನೆಯ ಒಳಸಂಚೂ ಪ್ರೇಮವೂ ಬೆರೆತ ಇಂಗ್ಲಿಷ್ ಕಾದಂಬರಿಯನ್ನು ಕೇಳಿದಾಗ ನಾನು ಈ ಎರಡನ್ನು ಮುಂದಿಡುತ್ತೇನೆ.

ವಿಕ್ಟೋರಿಯಾ ಅವೆಯಾರ್ಡ್ ಅವರ 'ರೆಡ್ ಕ್ವೀನ್' (2015) ರಕ್ತದ ಬಣ್ಣವೇ ಅಂತಸ್ತನ್ನು ನಿರ್ಧರಿಸುವ ರಾಜ್ಯದ ಕಥೆ. ಕೆಂಪು ರಕ್ತದ ಬಡ ಹುಡುಗಿ ಮೇರ್, ಬೆಳ್ಳಿ ರಕ್ತದವರ ಆಸ್ಥಾನದಲ್ಲಿ ಸುಳ್ಳು ಗುರುತಿನೊಂದಿಗೆ ಬದುಕಬೇಕಾಗುತ್ತದೆ. ಕಥೆ ವೇಗವಾಗಿ ಸಾಗುತ್ತದೆ; ಸರಣಿಯಲ್ಲಿ ನಾಲ್ಕು ಕಾದಂಬರಿಗಳಿವೆ.

ಹಾಲಿ ಬ್ಲ್ಯಾಕ್ ಅವರ 'ದ ಕ್ರೂಯಲ್ ಪ್ರಿನ್ಸ್' (2018) ನನಗೆ ಹೆಚ್ಚು ಪ್ರಿಯ. ತನ್ನ ತಂದೆತಾಯಿಯನ್ನು ಕೊಂದವನ ಮನೆಯಲ್ಲೇ, ಮಾಯಾಲೋಕದ ರಾಜಸಭೆಯ ನೆರಳಿನಲ್ಲಿ ಬೆಳೆಯುವ ಜೂಡ್ ಇದರ ನಾಯಕಿ. ಆ ಲೋಕದವರಿಗೆ ಸುಳ್ಳಾಡಲು ಬಾರದು, ಮನುಷ್ಯಳಾದ ಅವಳಿಗೆ ಬರುತ್ತದೆ. ಈ ಒಂದೇ ವ್ಯತ್ಯಾಸದಿಂದ ಲೇಖಕಿ ಇಡೀ ರಾಜಕಾರಣವನ್ನು ಹೆಣೆದಿರುವ ಬಗೆ, ನಿಧಾನವಾಗಿ ಓದುವವರಿಗೆ ಅಪಾರ ಸಂತೋಷ ಕೊಡುತ್ತದೆ. ಮೂಲ ಸರಣಿ ಮೂರು ಕಾದಂಬರಿಗಳಲ್ಲಿ ಮುಗಿಯುತ್ತದೆ.

ಆದರೆ ಇಲ್ಲಿ ಪ್ರೇಮ ಹುಟ್ಟುವುದು ರಾಜಕುಮಾರನ ಪೀಡನೆಯ ನಡುವೆ. ಅದು ಮನಸ್ಸಿಗೆ ಒಗ್ಗದ ಕಿರಿಯ ಓದುಗರು ಮೊದಲು 'ರೆಡ್ ಕ್ವೀನ್' ಓದಲಿ; ಪಿಯುಸಿ ದಾಟಿದವರಿಗೆ ನಾನು ಜೂಡ್‌ಳ ಕಥೆಯನ್ನೇ ಕೊಡುತ್ತೇನೆ.