ಎಡಗಡೆಯ ಅರ್ಧ ಕಾಣದವನಿಗೆ ಯಾವುದು ಒದಗಿತು?

ಈ ವಿಷುವಿನ ಊಟಕ್ಕೆ ಕುಳಿತಾಗ ಬಾಳೆಲೆಯ ಎಡತುದಿಯಲ್ಲಿದ್ದ ಉಪ್ಪನ್ನು ಯಾರೂ ಹೇಳದೆ ನಾನೇ ಹುಡುಕಿಕೊಂಡೆ. ಕಳೆದ ವಿಷುವಿಗೆ, ಉಪ್ಪು ಉಪ್ಪಿನಕಾಯಿ ಬಡಿಸಲೇ ಇಲ್ಲವೆಂದು ಮನೆಯಾಕೆಯ ಮೇಲೆ ರೇಗಿದ್ದೆ. ಅವಳು ಮಾತನಾಡದೆ ಎಲೆಯನ್ನು ಬಲಕ್ಕೆ ಸರಿಸಿದಳು. ಎಲ್ಲವೂ ಎಲೆಯಲ್ಲೇ ಇತ್ತು.

ಅದಕ್ಕೆ ಎರಡು ತಿಂಗಳು ಮೊದಲು ನನಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಸ್ವಾಧೀನದಲ್ಲೇ ಉಳಿದವು, ಮಾತು ತೊದಲಲಿಲ್ಲ. ಪೆಟ್ಟು ಬಿದ್ದದ್ದು ಮೆದುಳಿನ ಬಲಗಡೆಯ ಹಿಂಭಾಗಕ್ಕೆ. ಹಾಗಾಗಿ ಎರಡೂ ಕಣ್ಣುಗಳಿಗೆ ಎಡಗಡೆಯ ಅರ್ಧ ನೋಟ ಹೋಯಿತು. ಹೆಮಿಯನೋಪಿಯಾ ಎನ್ನುತ್ತಾರೆ. ತಾನಾಗಿ ಮರಳುವ ನೋಟ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಮರಳುತ್ತದೆ, ಆರು ತಿಂಗಳು ಕಳೆದರೆ ಆಸೆ ತೀರಾ ಕಡಿಮೆ. ನನಗೆ ಮರಳಲಿಲ್ಲ. ಆ ಬಳಿಕ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ಓಡಾಡಿ ಮೂರು ದಾರಿಗಳನ್ನು ಪರೀಕ್ಷಿಸಿದೆ: ಕಂಪ್ಯೂಟರ್ ಚಿಕಿತ್ಸೆ, ಪ್ರಿಸಂ ಕನ್ನಡಕ, ಕಣ್ಣು ಹಾಯಿಸಿ ಹುಡುಕುವ ಅಭ್ಯಾಸ.

ಕಂಪ್ಯೂಟರ್ ಚಿಕಿತ್ಸೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಕಾಣುವ ಮತ್ತು ಕಾಣದ ಭಾಗಗಳ ಗಡಿಯಲ್ಲಿ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ಗಡಿ ಹಿಗ್ಗುತ್ತದೆ ಎಂದು ಒಂದು ಕೇಂದ್ರದವರು ಭರವಸೆ ಕೊಟ್ಟು ಮುಂಗಡ ಹಣ ಪಡೆದರು. ನಾಲ್ಕು ತಿಂಗಳ ನಂತರವೂ ನೋಟದ ವ್ಯಾಪ್ತಿ ಅಳೆಯುವ ಫೀಲ್ಡ್ ಟೆಸ್ಟಿನ ನನ್ನ ನಕ್ಷೆಯಲ್ಲಿ ಎಡಭಾಗ ಮೊದಲಿನಂತೆಯೇ ಕಪ್ಪಾಗಿತ್ತು. 2005ರಲ್ಲಿ ಜರ್ಮನಿಯಲ್ಲಿ, ಕಣ್ಣು ಅತ್ತಿತ್ತ ಕದಲದಂತೆ ನಿಗಾ ಇಟ್ಟು 17 ಮಂದಿಯನ್ನು ಪರೀಕ್ಷಿಸಿದಾಗಲೂ ಗಡಿ ಸರಿದದ್ದು ಕಂಡಿರಲಿಲ್ಲ. ಇದನ್ನು ಮೊದಲೇ ಓದಿದ್ದರೆ ಆ ಹಣ ಉಳಿಯುತ್ತಿತ್ತು.

ಪ್ರಿಸಂ ಕನ್ನಡಕದ ಮಾತು ಬೇರೆ. ಬಾಸ್ಟನ್‌ನ ಎಲಿ ಪೆಲಿ ಎಂಬ ವಿಜ್ಞಾನಿ ರೂಪಿಸಿದ ಬಗೆಯಲ್ಲಿ, ಎಡಗಣ್ಣಿನ ಗಾಜಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬೆಳಕನ್ನು ಬಾಗಿಸುವ ಗೀರುಗೀರಾದ ಪ್ಲಾಸ್ಟಿಕ್ ಪಟ್ಟಿ (ಇದೇ ಪ್ರಿಸಂ) ಅಂಟಿಸುತ್ತಾರೆ, ನಡುವನ್ನು ಖಾಲಿ ಬಿಡುತ್ತಾರೆ. ನನ್ನದರ ಶಕ್ತಿ 40 ಪ್ರಿಸಂ ಡಯಾಪ್ಟರ್. ಸುಮಾರು 20 ಡಿಗ್ರಿಯಷ್ಟು ಎಡಗಡೆಯ ದೃಶ್ಯವನ್ನು ಕಾಣುವ ಕಡೆಗೆ ತಂದುಕೊಡುತ್ತದೆ. ಪಟ್ಟಿಯ ಮೂಲಕ ನೋಡಬಾರದು. ಅಲ್ಲಿ ಏನೋ ಸುಳಿದರೆ ಎಚ್ಚೆತ್ತು ತಲೆ ತಿರುಗಿಸಬೇಕು. ರಸ್ತೆ ದಾಟುವಾಗ ಇದರ ಬೆಲೆ ತಿಳಿಯುತ್ತದೆ. ನಮ್ಮಲ್ಲಿ ಮೊದಲರ್ಧದ ವಾಹನಗಳು ಬಲದಿಂದ ಬರುತ್ತವೆ, ಅವು ನನಗೆ ಕಾಣುತ್ತವೆ. ನಡು ದಾಟಿದ ಮೇಲೆ ಬರುವ ಎಡಗಡೆಯ ಬಸ್ಸಿನ ಸುಳಿವನ್ನು ಕೊಟ್ಟದ್ದು ಪ್ರಿಸಂ.

ಆದರೆ ಮೆಟ್ಟಿಲಿಳಿಯುವಾಗ ಕೆಳಗಿನ ಪಟ್ಟಿ ಮೆಟ್ಟಿಲನ್ನು ಎರಡಾಗಿಸುತ್ತದೆ. ನಮ್ಮ ಮಳೆಗಾಲದಲ್ಲಿ ಹನಿ ಬಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಮೊದಲ ವಾರವೆಲ್ಲ ತಲೆನೋವು. ಬ್ರಿಟನ್ನಿನಲ್ಲಿ 87 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಪ್ರಿಸಂ ಧರಿಸಿದವರಲ್ಲಿ ಶೇ. 69 ಮಂದಿಗೆ ತಲೆನೋವಿನಂತಹ ತೊಂದರೆಗಳಾಗಿದ್ದವು. ಬದುಕಿನ ಗುಣಮಟ್ಟ ಸುಧಾರಿಸಿದ್ದು ಹುಡುಕಾಟದ ಅಭ್ಯಾಸ ಮಾಡಿದ ಗುಂಪಿನಲ್ಲಿ.

ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದೂ ಆ ಅಭ್ಯಾಸವೇ. ತತ್ತ್ವ ಸರಳ: ನೋಟ ಮರಳದಿದ್ದರೂ ಕಣ್ಣು ಓಡಾಡಬಲ್ಲದು. ಮೊದಲು ಒಂದೇ ಸಲಕ್ಕೆ ಎಡಗಡೆಯ ಕಟ್ಟಕಡೆಗೆ ಕಣ್ಣು ಹಾಯಿಸಬೇಕು, ಅಲ್ಲಿಂದ ಬಲಕ್ಕೆ ಹುಡುಕುತ್ತಾ ಬರಬೇಕು. ಮೊಮ್ಮಗಳು ಅಂಗಳದಲ್ಲಿ ಇಪ್ಪತ್ತು ಅಡಿಕೆ ಚೆಲ್ಲಿ, ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಳು. ಮೊದಲ ದಿನ ನಾಲ್ಕು ನಿಮಿಷ ಹುಡುಕಿಯೂ ಏಳು ಅಡಿಕೆ ಉಳಿದವು, ಏಳೂ ಎಡಗಡೆಯವು. "ಅಜ್ಜಾ, ಇನ್ನೂ ಎಡಕ್ಕೆ" ಎಂದು ಅವಳು ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ. ದಿನಕ್ಕೆ ಅರ್ಧ ಗಂಟೆ, ಆರು ವಾರ. ಕೊನೆಗೆ ಒಂದು ನಿಮಿಷದೊಳಗೆ ಇಪ್ಪತ್ತೂ ಸಿಗತೊಡಗಿದವು.

ಓದು ಬೇರೆಯೇ ಕಷ್ಟ. ಪತ್ರಿಕೆಯಲ್ಲಿ 'ನಿರಪರಾಧಿ' ಎಂದಿದ್ದುದನ್ನು ಒಮ್ಮೆ 'ಅಪರಾಧಿ' ಎಂದು ಗಟ್ಟಿಯಾಗಿ ಓದಿದೆ. ಪದದ ತಲೆ ಕಾಣದಿದ್ದರೆ ಮನಸ್ಸು ತಾನೇ ಒಂದನ್ನು ಅಂಟಿಸಿಬಿಡುತ್ತದೆ. ಸಾಲು ಮುಗಿಸಿ ಹಿಂದಿರುಗುವಾಗಲೂ ಮುಂದಿನ ಸಾಲಿನ ಮೊದಲು ಸಿಗದು. ಇದಕ್ಕೆ ಪ್ರಿಸಂ ಉಪಯೋಗವಿಲ್ಲ. ಪುಟದ ಎಡ ಅಂಚಿಗೆ ಕೆಂಪು ರಟ್ಟಿನ ಪಟ್ಟಿ ಇಟ್ಟು, ಕೆಂಪು ಕಾಣುವವರೆಗೆ ಕಣ್ಣನ್ನು ಎಳೆದು ಓದುತ್ತೇನೆ. ನಿಧಾನ, ಆದರೆ ಸರಿಯಾದ ಓದು.

ಯಾರಾದರೂ ಕೇಳಿದರೆ ಅಭ್ಯಾಸದಿಂದ ತೊಡಗಿ ಎನ್ನುತ್ತೇನೆ. ಪೇಟೆಯಲ್ಲಿ ಒಬ್ಬರೇ ಓಡಾಡಬೇಕಾದವರು ಆಮೇಲೆ ಪ್ರಿಸಂ ಪರೀಕ್ಷಿಸಲಿ, ಅಂಟಿಸುವ ಪಟ್ಟಿಯಾದ್ದರಿಂದ ಬೇಡವೆನಿಸಿದರೆ ತೆಗೆಯಬಹುದು. ಸ್ಕೂಟರನ್ನು ಮಾತ್ರ ಯಾವ ದಾರಿಯೂ ಹಿಂದಿರುಗಿಸಲಿಲ್ಲ, ಅದನ್ನು ಮಗನಿಗೆ ಕೊಟ್ಟಿದ್ದೇನೆ. ನನಗೆ ಸಿಕ್ಕಿದ್ದ ಅಭ್ಯಾಸದ ಚೀಟಿ ಮಲಯಾಳದಲ್ಲಿತ್ತು. ಮೊಮ್ಮಗಳು ಅದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು, ಎಡ ಅಂಚಿಗೆ ಕೆಂಪು ಗೆರೆ ಎಳೆದಿದ್ದಾಳೆ. ನಮ್ಮ ಕಡೆಯ ಯಾರಿಗೆ ಬೇಕಿದ್ದರೂ ಪ್ರತಿ ಕೊಡುತ್ತೇನೆ.